ಹೊರಗೆ ನಿಂತವಳು

ಸೆಂಡಾಯ್, ಫೆಬ್ರವರಿ ೨೧

ತೊಕುಜಿ ಅಣ್ಣನಿಗೆ,

ಫೋನ್ ಎತ್ತುವುದಿಲ್ಲವೆಂದು ಹಟ ಹಿಡಿದಿದ್ದೀಯ, ಅದಕ್ಕೇ ಈ ಕಾಗದ. ಒಲೆಗೆ ಹಾಕುವ ಮುಂಚೆ ಒಂದು ಸಲ ಓದು.

ನಿನ್ನ ಹೆಂಡತಿ, ನಮ್ಮ ಇಕುಯೊ ಅತ್ತಿಗೆ, ನನ್ನ ಮನೆಗೆ ಬಂದು ಒಂಬತ್ತು ದಿನವಾಯಿತು. ಬರುವಾಗ ಹೊಗೆ ಹಾಕಿದ ಮೂಲಂಗಿ ಉಪ್ಪಿನಕಾಯಿ ತಂದಳು, ಮಾತು ಮಾತ್ರ ತರಲಿಲ್ಲ. ಮೂರನೆಯ ದಿನ ಬಾಯಿಬಿಟ್ಟಳು. ಆಸ್ಪತ್ರೆಯಲ್ಲಿ ಎಚ್ಚರವಾದಾಗ ನೀನು ಅವಳಿಗೆ ಅಂದೆಯಂತೆ, "ನಾನು ಒಳಗೆ ಸಾಯ್ತಿದ್ದೆ, ನೀನು ಹೊರಗೆ ನಿಂತು ನೋಡ್ತಿದ್ದೆ." ಅಂದಿನಿಂದ ಅವಳೊಂದಿಗೆ ಮಾತೇ ಬಿಟ್ಟೆಯಂತೆ.

ನನಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು.

ಹದಿನಾರು ವರ್ಷದಿಂದ ಪ್ರಯೋಗಾಲಯದಲ್ಲಿ ನಾನು ಬೆನ್ನು ಹತ್ತಿರುವುದು ನಿನ್ನನ್ನು ಕೆಡವಿದ ಇದೇ ಅನಿಲವನ್ನು, ಹೈಡ್ರೋಜನ್ ಸಲ್ಫೈಡನ್ನು. ನೀನು ನಡೆಸುವ ನಮ್ಮ ಬಿಸಿನೀರಿನ ಬುಗ್ಗೆಯ ಸ್ನಾನದಮನೆಗೆ ಕೊಳೆತ ಮೊಟ್ಟೆಯ ವಾಸನೆ ಕೊಡುವುದು ಅದೇ. ಹೊಸವರ್ಷಕ್ಕೆ ಊರಿಗೆ ಬಂದಾಗ ಬಾಯಿ ಜಾರಿ ಹೇಳಿದವಳೂ ನಾನೇ. ನಮ್ಮ ಮೈಯೂ ಅದನ್ನು ಚೂರೇ ಚೂರು ತಯಾರಿಸುತ್ತದೆ, ಜೀವಕೋಶದೊಳಗಿನ ಮೈಟೋಕಾಂಡ್ರಿಯಾ ಆ ಚೂರನ್ನು ಸೌದೆಯಂತೆ ಉರಿಸಿ ಶಕ್ತಿ ಮಾಡಿಕೊಳ್ಳುತ್ತದೆ ಎಂದೆ. ನೀನು ಅರ್ಧ ಕೇಳಿ ಎದ್ದುಹೋದೆ. ವಾರದೊಳಗೆ ಬಾಗಿಲಲ್ಲಿ ಬೋರ್ಡು: "ವಿಜ್ಞಾನಿ ತಂಗಿಯ ಮಾತು, ನಮ್ಮ ಗಾಳಿ ಜೀವಕೋಶಕ್ಕೆ ಆಹಾರ." ಅದನ್ನು ಇವತ್ತೇ ಕಿತ್ತುಹಾಕು. ನಾನು ಕಳಿಸಿದ ಅನಿಲ ಪತ್ತೆಯ ಯಂತ್ರವನ್ನು ನೀನು ಡ್ರಾಯರಿಗೆ ತುರುಕಿ ಅಂದೆ, "ಅದು ಕಿರುಚಿದ್ರೆ ಗಿರಾಕಿಗಳು ಓಡಿಹೋಗ್ತಾರೆ. ಐವತ್ತು ವರ್ಷ ಪಳಗಿದ ಮೂಗಿದು, ಯಂತ್ರ ಯಾಕೆ?"

ಉಳಿದರ್ಧ ಈಗ ಕೇಳು. ಅನಿಲ ಹೆಚ್ಚಾದಾಗ ಮೊದಲು ಸೋಲುವುದೇ ಆ ನಿನ್ನ ಮೂಗು. ವಾಸನೆ ನಿಂತಿತೆಂದರೆ ಅನಿಲ ಹೋಯಿತೆಂದಲ್ಲ. ಅಂದು ಬುಗ್ಗೆಯ ಮೇಲೆ ಕಟ್ಟಿದ ಗುಡಿಸಲಿನ ಗಾಳಿಕಿಂಡಿಯನ್ನು ಹಿಮ ಮುಚ್ಚಿತ್ತು. ಗಾಳಿಗಿಂತ ಭಾರವಾದ ಅನಿಲ ತಗ್ಗಿನಲ್ಲಿ ತುಂಬಿತ್ತು. ಪೈಪಿನಲ್ಲಿ ಗಟ್ಟಿಕಟ್ಟಿದ ಗಂಧಕ ಕೆರೆಯಲು ನೀನು ಎರಡು ಮೆಟ್ಟಿಲು ಇಳಿದೆ, "ಇವತ್ತು ವಾಸನೆನೇ ಇಲ್ಲ ಕಣೇ" ಎಂದು ಕೂಗಿದೆ, ಬಿದ್ದೆ. ನಿನ್ನ ರಕ್ತದಲ್ಲಿ ಆಮ್ಲಜನಕ ಇತ್ತು. ಆದರೆ ಮೈಟೋಕಾಂಡ್ರಿಯಾದಲ್ಲಿ ಅದು ಕೂರಬೇಕಾದ ಜಾಗದಲ್ಲಿ ಈ ಅನಿಲ ಹೋಗಿ ಕೂತಿತ್ತು. ಕಣಜ ತುಂಬಿದ ಮನೆಯಲ್ಲಿ ಒಲೆ ಆರಿದಂತೆ. ಮಿದುಳು ಮೊದಲು ಉಪವಾಸ ಬೀಳುತ್ತದೆ.

ಅತ್ತಿಗೆ ಓಡಿಬಂದಳು. ನಿನಗೆ ತಿಳಿಯದಂತೆ ಯಂತ್ರವನ್ನು ಡ್ರಾಯರಿನಿಂದ ತೆಗೆದು ತನ್ನ ಏಪ್ರನ್ನಿಗೆ ಸಿಕ್ಕಿಸಿಕೊಂಡಿದ್ದಳು. ಹೊಸ್ತಿಲಲ್ಲಿ ಅದು ಕಿರುಚಿತು. ಇಟ್ಟ ಕಾಲನ್ನು ಹಿಂದೆಗೆದಳು. ಅಗ್ನಿಶಾಮಕದವರಿಗೆ ಫೋನ್ ಮಾಡಿದಳು. ಗಾಳಿ ಬೀಸಿಬರುವ ಕಡೆಗೆ ಹೋಗಿ ಹಿಮ ಎತ್ತುವ ಸಲಿಕೆಯಿಂದ ಗೋಡೆಯ ಹಲಗೆ ಒಡೆದಳು, ಒಂದಾದ ಮೇಲೊಂದು, ಅಂಗೈ ಸುಲಿಯುವವರೆಗೆ. ಬೆನ್ನಿಗೆ ಉಸಿರಾಟದ ಗಾಳಿಯ ಸಿಲಿಂಡರ್ ಕಟ್ಟಿಕೊಂಡವರು ಬಂದು ಎತ್ತುವ ತನಕ ನಿನ್ನ ಜೀವ ಹಿಡಿದದ್ದು ಆ ಸಂದಿನಿಂದ ನುಗ್ಗಿದ ಗಾಳಿ. ಒಳಗೆ ಬಂದಿದ್ದರೆ ನಿನ್ನ ಮೇಲೆಯೇ ಬೀಳುತ್ತಿದ್ದಳು. ಎರಡು ಹೆಣ ಎತ್ತಬೇಕಿತ್ತು, ಮೂರ್ಖ ಅಣ್ಣ.

ಚಹಾ ಸೋಸುತ್ತ ಸೋಸುತ್ತ ಕೈ ನಿಲ್ಲಿಸಿ ಕೇಳುತ್ತಾಳೆ, "ಸವಾಕೊ, ನಾನು ಒಳಗೆ ಹೋಗ್ಬೇಕಿತ್ತೇನೇ?" ಹೋಗದಿದ್ದದ್ದೇ ಸರಿ ಎಂದು ಪುಸ್ತಕ ತೆರೆದು ತೋರಿಸಿದ್ದೇನೆ. ತಲೆಯಾಡಿಸುತ್ತಾಳೆ, ಮರುದಿನ ಮತ್ತೆ ಕೇಳುತ್ತಾಳೆ. ನನ್ನ ಹದಿನಾರು ವರ್ಷದ ವಿದ್ಯೆ ಅವಳಿಗೆ ಸಾಲುತ್ತಿಲ್ಲ. ಆ ಮಾತು ಬರಬೇಕಾದ ಬಾಯಿ ನಿನ್ನದು.

ಗುರುವಾರ ಮೂರರ ಬಸ್ಸಿಗೆ ವಾಪಸು ಬರುತ್ತಿದ್ದಾಳೆ. ಇನ್ನಷ್ಟು ದಿನ ಇರು ಎಂದರೆ, "ಮಾಡಿನ ಮೇಲೆ ಹಿಮ ಕೂತಿರುತ್ತೆ, ಅವರ ಸೊಂಟ ನೆಟ್ಟಗಿಲ್ಲ" ಅನ್ನುತ್ತಾಳೆ. ನೀನು ಹೋಗಿ ಬಸ್ಸಿನ ಹತ್ತಿರ ನಿಂತಿರು. "ನೀನು ಹೊರಗೆ ನಿಂತಿದ್ದಕ್ಕೇ ನಾನು ಉಳ್ಕೊಂಡೆ" ಅನ್ನು. ಬೇರೇನೂ ಬೇಡ, ಉಪನ್ಯಾಸ ನಾನು ಕೊಟ್ಟಾಗಿದೆ.

ದೊಡ್ಡವನಿಗೆ ಹರಸುವ ವಯಸ್ಸು ನನ್ನದಲ್ಲ. ಆದರೂ ನೂರು ವರ್ಷ ಬಾಳು, ಅವಳ ಮಾತು ಕೇಳಿಕೊಂಡು.

ನಿನ್ನಿಂದ ಸಾಕುಸಾಕಾದ ತಂಗಿ,
ಸವಾಕೊ