ಮಡಿಲಲ್ಲಿದ್ದ ಪುಟಾಣಿ ಗೊಂಬೆ

ಮನೆ, ಅಡುಗೆಮನೆಯ ಮೇಜು
ಹದಿನಾಲ್ಕನೇ ತಾರೀಖು, ಮಂಗಳವಾರ

ಪ್ರೀತಿಯ ಗುಬ್ಬೀ,

ಹೇಗಿದ್ದೀಯ? ಹಾಸ್ಟೆಲಿನ ನೀರಿಗೆ ನೆಗಡಿ ಹಿಡಿದಿದೆ ಎಂದಿದ್ದೆ, ಬಿಟ್ಟಿತೇ? ಹಲ್ಲಿನ ಅಚ್ಚು ತೆಗೆಯುವ ಪಾಠ ಶುರುವಾಯಿತೇ? ನಾನು ಚೆನ್ನಾಗಿದ್ದೇನೆ. ಇಲ್ಲ, ಚೆನ್ನಾಗಿಲ್ಲ, ಈ ಕಾಗದವನ್ನೇ ಮೂರು ಸಲ ಹರಿದು ಮತ್ತೆ ಬರೆಯುತ್ತಿದ್ದೇನೆ.

ಅಪ್ಪ ಒಬ್ಬರೇ ಇರಲಾರರು, ಓದು ಬಿಟ್ಟು ಬಂದುಬಿಡುತ್ತೇನೆ ಎಂದು ಮೊನ್ನೆ ಫೋನಿನಲ್ಲಿ ಹೇಳಿದೆಯಲ್ಲ, ನಾನು ಒಳಗೊಳಗೇ ಹಿಗ್ಗಿದ್ದೆ. ಬಸ್ ಡಿಪೋದಲ್ಲಿ ಎಲ್ಲರ ಮುಂದೂ ಹೇಳಿಕೊಂಡೆ. ಮ್ಯಾನೇಜರು ಮಾತ್ರ ನಗಲಿಲ್ಲ. "ಸ್ವೆಟರ್ ಹಾಕ್ಕೊಳ್ಲಾ ಬೇಡ್ವಾ ಅಂತ ಮಗಳಿಗೆ ಫೋನ್ ಮಾಡಿ ಕೇಳೋ ಟೈಮ್‌ಕೀಪರ್ ನೀವೊಬ್ರೇ ಕಣ್ರೀ. ಮೊದ್ಲು ನಮ್ಮ ಸ್ಟಾಫ್‌ನ ಕಷ್ಟಸುಖ ಕೇಳೋಕೆ ಬರೋ ಆ ಕೌನ್ಸೆಲರ್ ಹತ್ರ ಹೋಗ್ಬನ್ನಿ" ಎಂದು ಅಟ್ಟಿದರು. ನಿನ್ನಮ್ಮ ತೀರಿಕೊಂಡ ದುಃಖಕ್ಕೆ ಏನಾದರೂ ಗುಳಿಗೆ ಕೊಟ್ಟಾರು ಎಂದು ಇವತ್ತು ಹೋದೆ.

ಆಕೆ ನಿನಗಿಂತ ಸ್ವಲ್ಪವೇ ದೊಡ್ಡವಳು. ಗುಳಿಗೆಯೂ ಇಲ್ಲ, ಗಿಳಿಗೆಯೂ ಇಲ್ಲ. ಮೇಜಿನ ಮೇಲೆ ಒಂದು ಡಬ್ಬಿ ಮರದ ಗೊಂಬೆ ಸುರಿದು, "ನಿಮ್ಮ ಮನೇನ ಇಲ್ಲಿ ಜೋಡ್ಸಿ" ಎಂದಳು. ಮಕ್ಕಳಾಟ ಎಂದು ನಗುತ್ತ, ನನ್ನ ಅಭ್ಯಾಸದಂತೆ ಲೊಡಲೊಡ ಮಾತಾಡುತ್ತಲೇ ಜೋಡಿಸಿದೆ. "ಈ ದೊಡ್ಡ ಗೊಂಬೆ ಯಾರು?" "ನನ್ನ ಮಗಳು." "ಅವಳ ಮಡಿಲಲ್ಲಿರೋ ಪುಟಾಣಿ?" ಆ ಪುಟಾಣಿಯನ್ನು ಎತ್ತಿ ನೋಡಿದೆ. ಗುಬ್ಬೀ, ಅಲ್ಲಿ ನನ್ನನ್ನು ಕೂರಿಸಿದವನು ನಾನೇ! ಸಿಡಿಲು ಬಡಿದಂತಾಯಿತು, ಕಾಲೇಜಿನ ಇಂಗ್ಲಿಷಿನಲ್ಲಿ ಹೇಳುವುದಾದರೆ ಐ ವಾಸ್ ಥಂಡರ್‌ಸ್ಟ್ರಕ್, ಸ್ಟ್ರಕ್ಕೋ ಸ್ಟ್ರೈಕನ್ನೋ, ಗ್ರಾಮರು ಆಗಲೂ ಕೈಕೊಡುತ್ತಿತ್ತು. "ಹಾಗಾದ್ರೆ ಅವಳ ಅಪ್ಪ ಎಲ್ಲಿ?" ಎಂದಳು. ಡಬ್ಬಿಯೊಳಗೆ ಹುಡುಕಿದೆ, ನೋಡು. ನಿಜವಾಗಿಯೂ ಕೈ ಹಾಕಿ ಹುಡುಕಿದೆ.

ಹೆತ್ತವರು ಮಕ್ಕಳಾಗಿ ಮಕ್ಕಳು ಹೆತ್ತವರಾಗುವುದಕ್ಕೆ ಆಕೆಯ ಶಾಸ್ತ್ರದಲ್ಲಿ ರೋಲ್ ಅದೇನೋ ಎಂಬ ಹೆಸರಿದೆಯಂತೆ. ಅಂಥ ಮಕ್ಕಳು ತಮ್ಮ ಅಳುವನ್ನು ಮುಂದಕ್ಕೆ ಹಾಕುತ್ತಲೇ ಇರುತ್ತಾರಂತೆ. ಅಮ್ಮ ಹೋದ ದಿನ ನೀನು ಬಂದವರಿಗೆಲ್ಲ ನೀರು ಕೊಡುತ್ತ ಓಡಾಡುತ್ತಿದ್ದೆ. ಎಷ್ಟು ಗಟ್ಟಿಗಿತ್ತಿ ಎಂದು ನಾನು ಹೆಮ್ಮೆಪಟ್ಟೆ. ನೀನು ಅತ್ತದ್ದನ್ನು ನಾನು ಕಂಡೇ ಇಲ್ಲ. ಕಂಡಿಲ್ಲ ಎಂಬುದೂ ಇವತ್ತಿನವರೆಗೆ ಹೊಳೆದಿರಲಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ಗೆಳತಿಯರ ಜೊತೆ ಹಾಳು ಹರಟೆ ಹೊಡೆ, ಒಂದು ದಿನವಾದರೂ ಕ್ಲಾಸಿಗೆ ತಡಮಾಡಿ ಹೋಗು. ಅದಕ್ಕೂ ನನ್ನ ಆಶೀರ್ವಾದವಿದೆ.

ನಿನ್ನ
ಅಪ್ಪ

ಮರೆತ ಮಾತು: ಲಕೋಟೆ ಬಿಚ್ಚಿ ಅವಸರದಲ್ಲಿ ಬರೆಯುತ್ತಿದ್ದೇನೆ. ನಿನ್ನ ಪ್ರಿನ್ಸಿಪಾಲರು ಈಗಷ್ಟೇ ಫೋನ್ ಮಾಡಿ, ಕಾಲೇಜು ಬಿಡುವ ಅರ್ಜಿ ಕೊಟ್ಟಿದ್ದಾಳೆ, ಹೆಸರು ತೆಗೆದುಹಾಕಲೇ ಎಂದು ಕೇಳಿದರು. ನಿನ್ನನ್ನು ಕೇಳದೆಯೇ ಬೇಡ ಎಂದುಬಿಟ್ಟೆ. ಈಗ ಬರಬೇಡ, ರಜಕ್ಕೆ ಬಾ. ಕೋಪ ಬಂದರೆ ಫೋನ್ ಮಾಡಿ ಚೆನ್ನಾಗಿ ಬೈ. ನಾನು ನಿನ್ನ ಅಪ್ಪ, ಬೈಸಿಕೊಳ್ಳುತ್ತೇನೆ.