ರೂಬೆಯ ಸಭೆಯಲ್ಲಿ ನಮ್ಮೂರ ಮಾತು

ರೂಬೆ, ಉತ್ತರ ಫ್ರಾನ್ಸ್, ನವೆಂಬರ್ ೧೯೦೪

ಅಕ್ಕಾ,

ನನ್ನ ಕೆಮ್ಮು ಇಳಿದಿದೆ, ಚಿಂತೆ ಬೇಡ. ನಿನ್ನೆ ನಮ್ಮ ಸಹಕಾರಿ ಬೇಕರಿಯ ಸಭೆಗೆ ನಮ್ಮೂರು ನೀಮ್‌ನಿಂದ ಅರ್ಥಶಾಸ್ತ್ರದ ಕಜಾಲಿಸ್ ಮೇಷ್ಟ್ರು ಬಂದಿದ್ದರು. ಸಂಘದಲ್ಲಿ ಹೆಂಗಸರಿಗೂ ಮತದ ಹಕ್ಕು ಬೇಕೆಂದು ನಮ್ಮಲ್ಲಿ ಕೆಲವರು ಕೇಳಿದ್ದಕ್ಕೆ ಅಧ್ಯಕ್ಷ ವಾಂಡಾಲ್, “ನಿಮಗ್ಯಾಕ್ರಮ್ಮಾ ಇದೆಲ್ಲ? ಬ್ರೆಡ್ ತಗೊಂಡು ಮನೆಗೆ ಹೋಗಿ” ಎಂದ. ಗಂಡಸರೆಲ್ಲ ನಕ್ಕರು.

ಮೇಷ್ಟ್ರು ಎದ್ದು ಅವನನ್ನೇ ಕೇಳಿದರು: “ನಿಮ್ಮನೇಲಿ ಬ್ರೆಡ್ ಕೊಳ್ಳೋರು ಯಾರಪ್ಪಾ?”

“ನನ್ನ ಹೆಂಡ್ತಿ.”

“ಹುಳಿಯಾಗಿದ್ರೆ ಬಂದು ಜಗಳ ಆಡೋರು?”

“ಅವಳೇ.”

“ಕೊಳ್ಳೋರದೇ ಅಂಗಡಿ ಅಂತ ಊರೂರಿಗೆ ಹೇಳ್ಕೊಂಡು ಬಂದಿದೀನಿ. ಹಂಗಾದ್ರೆ ಇದು ಅವರದೇ ಅಂಗಡಿ. ನೀವು ಬರೀ ತಿನ್ನೋರು!”

ಅವರದು ಥೇಟ್ ಅಪ್ಪನ ಹಾಗೆ ರಾಗ ಎಳೆಯುವ ನಮ್ಮೂರ ಮಾತು, ಅಕ್ಕಾ. ಹಾಗೆ ಮಾತಾಡುತ್ತೇನೆಂದೇ ಇಲ್ಲಿನವರು ನನ್ನನ್ನು ಆಡಿಕೊಳ್ಳುವುದು. ಅದಕ್ಕೇ ಇದುವರೆಗೆ ಸಭೆಯಲ್ಲಿ ನಾನು ಬಾಯಿ ಬಿಟ್ಟವಳೇ ಅಲ್ಲ. ನಿನ್ನೆ ಎದ್ದು ನಿಂತು, “ಮೇಷ್ಟ್ರು ಹೇಳಿದ್ದು ಸರಿ, ಈಗಲೇ ಕೈ ಎತ್ತಿಸಿ” ಎಂದೆ. ಯಾರೂ ನಗಲಿಲ್ಲ. ಗಂಡಸರ ಕೈಗಳೆದ್ದವು, ನಮಗೆ ಹಕ್ಕು ಸಿಕ್ಕಿತು.

ಹೊರಡುವಾಗ ಮೇಷ್ಟ್ರು, “ನೀಮ್‌ನಲ್ಲಿ ಯಾವ ಬೀದಿಯಮ್ಮಾ?” ಎಂದರು. ನಮ್ಮ ಬೀದಿಯ ಹೆಸರು ಹೇಳುತ್ತ ಅತ್ತುಬಿಟ್ಟೆ. ಕಾಗದದಲ್ಲಿ ಜಾಗ ಮುಗಿಯಿತು. ಈ ವರ್ಷದ ಆಲಿವ್ ಕಾಯಿ ಉಪ್ಪಿಗೆ ಹಾಕಿದ್ದರೆ ಒಂದಿಷ್ಟು ಕಳಿಸು.

ನಿನ್ನ ಒಡೀಲ್