ಏರಿನಲ್ಲಿ ಲಾರಿ ನಿಲ್ಲಿಸಿದ ತಪ್ಪಿಗೆ

ಮಾನ್ಯ ಚಾಲನಾ ಪರೀಕ್ಷಾಧಿಕಾರಿಗಳೇ,

ಕಳೆದ ಗುರುವಾರ ನನ್ನ ಅರ್ಜಿಯ ಮೇಲೆ ತಾವು ಬರೆದ ಒಂದು ಸಾಲನ್ನು ಊರಿನವರೆಲ್ಲ ಓದಲಿ ಎಂದೇ ಈ ಪತ್ರವನ್ನು ಪತ್ರಿಕೆಗೆ ಕಳಿಸುತ್ತಿದ್ದೇನೆ. ‘ಏರಿನಲ್ಲಿ ನಿಷ್ಕಾರಣ ನಿಲುಗಡೆ. ಸೂಚನೆಯ ಉಲ್ಲಂಘನೆ. ಅನುತ್ತೀರ್ಣ.’ ಇದರಲ್ಲಿ ಸುಳ್ಳಿರುವುದು ಒಂದೇ ಪದದಲ್ಲಿ: ನಿಷ್ಕಾರಣ.

ದಿನಕ್ಕೆ ಮೂವತ್ತು ಜನರನ್ನು ಪರೀಕ್ಷಿಸುವ ತಮಗೆ ನನ್ನ ನೆನಪಿರಲಾರದು. ಆಸ್ಪತ್ರೆಗಳ ಹಾಸು ಹೊದಿಕೆ ಒಗೆಯುವ ಲಾಂಡ್ರಿಯಲ್ಲಿ ಹನ್ನೊಂದು ವರ್ಷದಿಂದ ಇಸ್ತ್ರಿ ಹಾಕುವವಳು ನಾನು. ಆವಿ ಕುಡಿದೂ ಕುಡಿದೂ ಎದೆ ಕೈಕೊಟ್ಟಿದೆ. “ಆ ಕೋಣೆ ಬಿಡ್ತೀರೋ, ಉಸಿರು ಬಿಡ್ತೀರೋ, ನೀವೇ ನೋಡ್ಕೊಳಿ” ಎಂದರು ಡಾಕ್ಟರು. ನಮ್ಮಲ್ಲಿ ಆವಿ ತಾಗದ ಜಾಗ ಒಂದೇ, ಬಟ್ಟೆ ಸಾಗಿಸುವ ಲಾರಿಯ ಡ್ರೈವರ್ ಸೀಟು. ಅಲ್ಲಿ ಕೂರುವ ಹಿರಿಯರನ್ನು ಎಲ್ಲರೂ ಗೇರ್ ಮಾಮ ಎನ್ನುತ್ತೇವೆ. ಮೂವತ್ತು ವರ್ಷ ಕ್ಲಚ್ ಒತ್ತಿ ಅವರ ಎಡ ಮಂಡಿ ಸವೆದಿದೆ. ತಿಂಗಳ ಕೊನೆಗೆ ಅವರು ಕೆಲಸ ಬಿಡುವವರಿದ್ದರು. ಅಷ್ಟರೊಳಗೆ ಲೈಸೆನ್ಸ್ ತಂದರೆ ಸೀಟು ನಿನ್ನದೇ ಎಂದಿದ್ದರು ಮಾಲೀಕರು.

ಮಾಮ ನನಗೆ ಊಟದ ಬಿಡುವಿನಲ್ಲಿ, ಲಾಂಡ್ರಿ ಹಿಂದಿನ ಇಳಿಜಾರಿನಲ್ಲಿ ಕಲಿಸಿದರು. ಖಾಲಿ ಲಾರಿಯಲ್ಲಲ್ಲ, ಒದ್ದೆ ಚಾದರಗಳ ಮೂಟೆ ತುಂಬಿದ ಲಾರಿಯಲ್ಲಿ. “ಕ್ಲಚ್ಚನ್ನ ನಿಧಾನ ಬಿಡಮ್ಮಾ. ಇಂಜಿನ್ ದನಿ ಇಳೀತಲ್ಲ, ಅಲ್ಲೇ ಕಾಲು ನಿಲ್ಸು. ಈಗ ಹ್ಯಾಂಡ್‌ಬ್ರೇಕ್ ತೆಗಿ. ಅಯ್ಯೋ, ಆಕ್ಸಿಲರೇಟರ್ ಯಾರು ಕೊಡ್ತಾರೆ, ನಿಮ್ಮತ್ತೆನಾ?” ಲಾರಿ ಮುಗ್ಗರಿಸಿ ಆಫ್ ಆಗುತ್ತಿತ್ತು. ಮತ್ತೆ ಚಾವಿ ತಿರುಗಿಸುತ್ತಿದ್ದೆ.

ಮೊದಲ ಪರೀಕ್ಷೆಯಲ್ಲಿ ಲಾರಿ ಒಂದು ಮೊಳ ಹಿಂದಕ್ಕೆ ಜಾರಿತು. ತಾವು ಫೇಲು ಮಾಡಿದಿರಿ. ಅದು ನ್ಯಾಯ, ಅದರ ಬಗ್ಗೆ ನನ್ನ ತಕರಾರಿಲ್ಲ.

ಇನ್ನು ಗುರುವಾರದ ಮಾತು. ನೀರಿನ ಟ್ಯಾಂಕಿನ ಕಡೆ ಹತ್ತುವ ಆ ಕಿರಿದಾದ ಏರು. ಎರಡನೇ ಗೇರಿನಲ್ಲಿ ಲಾರಿ ಏದುಸಿರು ಬಿಡುತ್ತಾ ಹತ್ತುತ್ತಿತ್ತು, ಹಿಂದೆ ಒಂದು ಬಸ್ಸು ಅಂಟಿಕೊಂಡೇ ಬರುತ್ತಿತ್ತು. ಅಷ್ಟರಲ್ಲಿ ಪೀಠೋಪಕರಣದ ಅಂಗಡಿಯಿಂದ ಆಳೆತ್ತರದ ಕನ್ನಡಿಯೊಂದು ರಸ್ತೆಗೆ ಇಳಿಯಿತು. ಹೊತ್ತವರು ಇಬ್ಬರು, ಇಬ್ಬರೂ ಅದರ ಹಿಂದೆ. ಕನ್ನಡಿಯ ಕೆಳಗೆ ಅವರ ನಾಲ್ಕು ಪಾದಗಳು ಬಿಟ್ಟರೆ ನನಗೇನೂ ಕಾಣಲಿಲ್ಲ, ಅವರಿಗೆ ನಾವು ಕಾಣುವ ಸಂಭವವೇ ಇರಲಿಲ್ಲ. ಕನ್ನಡಿಯೊಳಗೆ ನಮ್ಮ ಲಾರಿ ನಮ್ಮ ಮೇಲೆಯೇ ಬರುತ್ತಿತ್ತು. ಸ್ಟಿಯರಿಂಗ್ ಹಿಂದೆ ಬಿಳಿಚಿಕೊಂಡ ನಾನಿದ್ದೆ. ಪಕ್ಕದಲ್ಲಿ ತಲೆ ತಗ್ಗಿಸಿ ಮೊಬೈಲ್ ನೋಡುತ್ತಿದ್ದ ತಾವಿದ್ದಿರಿ.

ನಾನು ಬ್ರೇಕ್ ಒತ್ತಿದೆ. ತಾವು ತಲೆಯೆತ್ತಿದಿರಿ.

“ಯಾಕ್ರೀ ನಿಲ್ಸಿದ್ರಿ? ಇಲ್ಲಿ ಜೀಬ್ರಾ ಕ್ರಾಸಿಂಗ್ ಇಲ್ಲ. ಹೋಗ್ರೀ!”

“ಸಾರ್, ಅವರಿಗೆ ನಾವು ಕಾಣಲ್ಲ.”

“ಹಾರ್ನ್ ಹೊಡ್ದು ಹೋಗ್ರೀ ಅಂದೆ. ಬಸ್ಸು ಕಾಯ್ತಿದೆ.”

ಹಾರ್ನ್ ಹೊಡೆದರೆ ಕೈಯಲ್ಲಿ ಅಷ್ಟು ದೊಡ್ಡ ಗಾಜು ಹಿಡಿದವರು ಬೆಚ್ಚಿಬೀಳುವುದಿಲ್ಲವೇ? ಗಾಜು ಕೈಜಾರಿ ಬಿದ್ದರೆ ಯಾರ ಕುತ್ತಿಗೆಯ ಮೇಲೆ? ಈ ಪ್ರಶ್ನೆಗೆ ತಮ್ಮ ಕೈಪಿಡಿಯಲ್ಲಿ ಎಷ್ಟು ಅಂಕವಿದೆ ಎಂದು ದಯಮಾಡಿ ತಿಳಿಸಬೇಕು. ಹಿಂದಿನ ಬಸ್ಸು ಗುರುಗುಟ್ಟುತ್ತಾ ಇಂಚಿಂಚೇ ಹತ್ತಿರ ಸರಿಯುತ್ತಿತ್ತು. ಹ್ಯಾಂಡ್‌ಬ್ರೇಕ್ ಎಳೆದು ಕಾದೆ. ನಾಲ್ಕು ಪಾದಗಳು ಎದುರಿನ ಫುಟ್‌ಪಾತ್ ಹತ್ತಿದವು. ಆಮೇಲೆ, ಮಾನ್ಯರೇ, ಕ್ಲಚ್ ಬಿಟ್ಟೆ, ದನಿ ಇಳಿಯಿತು, ಬ್ರೇಕ್ ತೆಗೆದೆ. ಲಾರಿ ಒಂದು ಬೆರಳಿನಷ್ಟೂ ಹಿಂದೆ ಸರಿಯದೆ ಏರು ಹತ್ತಿತು. ಅದನ್ನು ತಾವು ಗಮನಿಸಲಿಲ್ಲ. ಆಗಲೇ ಪೆನ್ನು ತೆಗೆದಿದ್ದಿರಿ.

ಎರಡು ಸಲ ಫೇಲಾದವರು ಮೂರು ತಿಂಗಳು ಕಾಯಬೇಕಂತೆ. ಲಾಂಡ್ರಿಗೆ ಮರಳಿ ನಡೆದದ್ದೆಲ್ಲ ಹೇಳಿದೆ. ಮಾಮ ಬೈಯಲಿಲ್ಲ.

“ಹೊತ್ತೋರಿಗೆ ಏನಾದ್ರೂ ಆಯ್ತಾ?”

“ಇಲ್ಲ ಮಾಮ. ಅವ್ರಿಗೆ ಗೊತ್ತೇ ಆಗ್ಲಿಲ್ಲ.”

“ಸರಿ ಬಿಡು. ಡ್ರೈವರ್ ಆಗ್ಬಿಟ್ಟೆ ನೀನು. ಕಾಗದ ಒಂದು ಬಾಕಿ.”

ಕುಂಟುತ್ತಾ ಮಾಲೀಕರ ಕೋಣೆಗೆ ಹೋಗಿ, “ಇನ್ನು ಮೂರು ತಿಂಗಳು ಲಾರಿ ನಾನೇ ಓಡಿಸ್ತೀನಿ” ಎಂದು ಹೇಳಿ ಬಂದರು. ತಮ್ಮ ಒಂದು ಪದದ ಭಾರವನ್ನು ಈಗ ಅವರ ಮಂಡಿ ಹೊರುತ್ತಿದೆ, ನನ್ನ ಎದೆ ಹೊರುತ್ತಿದೆ. ತಾವು ಹೊರುತ್ತಿರುವುದು ಏನನ್ನು?

ನನ್ನನ್ನು ಪಾಸು ಮಾಡಿ ಎಂದು ನಾನು ಕೇಳುತ್ತಿಲ್ಲ. ‘ನಿಷ್ಕಾರಣ’ ಎಂಬ ಪದವನ್ನು ಹೊಡೆದುಹಾಕಿ. ಆ ಜಾಗದಲ್ಲಿ ‘ಎದುರಿಗೆ ಇಬ್ಬರು ಮನುಷ್ಯರಿದ್ದರು, ಹೋಗು ಎಂದು ನಾನು ಹೇಳಿದರೂ ಈಕೆ ಹೋಗಲಿಲ್ಲ’ ಎಂದು ಬರೆಯಿರಿ. ಅಷ್ಟು ಬರೆದ ಮೇಲೂ ಕೆಳಗೆ ‘ಅನುತ್ತೀರ್ಣ’ ಎಂದು ಬರೆಯಲು ತಮ್ಮ ಕೈ ಬಂದರೆ, ಧಾರಾಳವಾಗಿ ಬರೆಯಿರಿ. ಮೂರು ತಿಂಗಳ ನಂತರ ಅದೇ ಏರಿಗೆ ನಾನು ಬರುತ್ತೇನೆ. ಎದುರಿಗೆ ಯಾರಾದರೂ ಇದ್ದರೆ, ಈಗಲೇ ಹೇಳಿಬಿಡುತ್ತೇನೆ, ಮತ್ತೆ ನಿಲ್ಲಿಸುತ್ತೇನೆ.

ಇಂತಿ,
ಚಾಲನೆ ಕಲಿಯಲು ಹೋಗಿ ನಿಲ್ಲಿಸುವುದನ್ನು ಕಲಿತು ಬಂದ
ಒಬ್ಬ ಅನುತ್ತೀರ್ಣೆ